ಪರದೆಯ ಕಾರ್ಡಿಗೆ ಕಾಸು ಕೊಡಬೇಕೆ?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಆನ್‌ಲೈನ್ ಕಾರ್ಡ್ ಆಟ ಎಂದೊಡನೆ ನಮ್ಮ ಕಡೆ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅವರ ಕಣ್ಣ ಮುಂದೆ ಬರುವುದು ಮೊಬೈಲಿನ ರಮ್ಮಿ, ಅದರಲ್ಲಿ ಮನೆಮಠ ಕಳೆದುಕೊಂಡವರ ಸುದ್ದಿ. ಹಣ ಕಟ್ಟಿ ಹಣ ಗೆಲ್ಲುವ ಅಂಥ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಾನಿಲ್ಲಿ ಹೇಳಹೊರಟಿರುವುದು ಬೇರೆಯೇ ಜಾತಿಯ ಆಟ. ಇದರಲ್ಲಿ ಪಣವಿಲ್ಲ, ಎಷ್ಟು ಗೆದ್ದರೂ ಬ್ಯಾಂಕ್ ಖಾತೆಗೆ ಒಂದು ರೂಪಾಯಿ ಬರುವುದಿಲ್ಲ. ಹಣ ಹೊರಗೆ ಹೋಗುವ ದಾರಿ ಮಾತ್ರ ಇದೆ. ಆ ದಾರಿ ಹೇಗಿದೆ, ಅದರಲ್ಲಿ ಎಷ್ಟು ದೂರ ಹೋಗಬಹುದು ಎಂಬುದು ಈ ಪಾಠ.

1993ರಲ್ಲಿ ಅಮೆರಿಕದಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟ ಬಂತು. ಅದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಇಸ್ಪೀಟಿನಲ್ಲಿ ಎಲ್ಲರ ಮುಂದೆಯೂ ಅದೇ 52 ಎಲೆ. ಗಾರ್ಫೀಲ್ಡ್ ಮಾಡಿದ ಬದಲಾವಣೆ ಇಷ್ಟು: ಪ್ರತಿಯೊಬ್ಬ ಆಟಗಾರನೂ ತನ್ನ ಕಟ್ಟನ್ನು ಮನೆಯಿಂದ ತಾನೇ ಕಟ್ಟಿಕೊಂಡು ಬರಬೇಕು. ಒಂದೊಂದು ಕಾರ್ಡಿಗೂ ಒಂದೊಂದು ಶಕ್ತಿ, ಒಂದೊಂದು ಬೆಲೆ. ಕಾರ್ಡ್‌ಗಳು ಸಿಗುವುದು ಮುಚ್ಚಿದ ಪೊಟ್ಟಣದಲ್ಲಿ, ಒಳಗೆ ಏನಿದೆ ಎಂದು ತೆರೆದ ಮೇಲೆಯೇ ಗೊತ್ತು. ಬೇಡದ್ದನ್ನು ಗೆಳೆಯನಿಗೆ ಕೊಟ್ಟು ಬೇಕಾದ್ದನ್ನು ಪಡೆಯಬಹುದು, ಅಂಗಡಿಗೆ ಮಾರಲೂಬಹುದು. ಹೀಗೆ ಕಟ್ಟಿದ ಗುಂಪಿಗೆ ಡೆಕ್ ಎನ್ನುತ್ತಾರೆ, ಪೊಟ್ಟಣಕ್ಕೆ ಪ್ಯಾಕ್. ಈ ಎರಡು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

2002ರಲ್ಲಿ ‘ಮ್ಯಾಜಿಕ್ ಆನ್‌ಲೈನ್’ ಬಂದು ಇದೇ ಆಟ ಕಂಪ್ಯೂಟರ್ ಪರದೆ ಏರಿತು. 2014ರಲ್ಲಿ ಬ್ಲಿಝರ್ಡ್ ಕಂಪನಿಯ ‘ಹಾರ್ತ್‌ಸ್ಟೋನ್’ ಬಂದಮೇಲೆ ಇದು ಲಕ್ಷಾಂತರ ಜನರ ಹವ್ಯಾಸವಾಯಿತು. ಹಾರ್ತ್‌ಸ್ಟೋನ್ ಆಡಲು ಕಾಸಿಲ್ಲ. ಪ್ಯಾಕ್ ಬೇಕೆಂದರೆ ಮಾತ್ರ ಕಾಸು. ಆಮೇಲೆ ಬಂದ ಹೆಚ್ಚಿನವರು ಈ ಮಾದರಿಯನ್ನೇ ಹಿಡಿದರು. ಹಾಗಾಗಿ ನಮ್ಮ ಲೆಕ್ಕಕ್ಕೂ ಹಾರ್ತ್‌ಸ್ಟೋನನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಕಾಗದ ಪೆನ್ಸಿಲ್ ಹತ್ತಿರ ಇದ್ದರೆ ಒಳ್ಳೆಯದು.

ಹಾರ್ತ್‌ಸ್ಟೋನಿನ ಒಂದು ಡೆಕ್ ಎಂದರೆ 30 ಕಾರ್ಡ್. ಒಂದು ಪ್ಯಾಕ್‌ನಲ್ಲಿ 5 ಕಾರ್ಡ್. ಕಾರ್ಡ್‌ಗಳಲ್ಲಿ ನಾಲ್ಕು ದರ್ಜೆ: ಕಾಮನ್, ರೇರ್, ಎಪಿಕ್, ಲೆಜೆಂಡರಿ. ಪ್ರತಿ ಪ್ಯಾಕ್‌ನಲ್ಲೂ ಕನಿಷ್ಠ ಒಂದು ರೇರ್ ಅಥವಾ ಅದಕ್ಕಿಂತ ಮೇಲಿನದು ಇದ್ದೇ ಇರುತ್ತದೆ. ಎಪಿಕ್ ಸರಾಸರಿ 5 ಪ್ಯಾಕ್‌ಗೊಂದು, ಲೆಜೆಂಡರಿ 20 ಪ್ಯಾಕ್‌ಗೊಂದು. ಆಟದ ಕಂಪನಿಗಳು ಈ ಗುಟ್ಟನ್ನು ತಾವಾಗಿ ಹೇಳುತ್ತಿರಲಿಲ್ಲ. ಇಂಥ ಸಾಧ್ಯತೆಗಳನ್ನು ಬಹಿರಂಗಪಡಿಸಬೇಕೆಂದು 2017ರಲ್ಲಿ ಚೀನಾ ನಿಯಮ ಮಾಡಿದಾಗ ಈ ಅಂಕಿಗಳು ಅಧಿಕೃತವಾಗಿ ಹೊರಬಂದವು. ಅದಕ್ಕೆ ಮೊದಲು ಸಾವಿರಾರು ಪ್ಯಾಕ್ ತೆರೆದ ಆಟಗಾರರೇ ಕುಳಿತು ಎಣಿಸಿದ್ದರು.

ಈಗ ನಿಮಗೆ ಯಾವುದೋ ಒಂದು ನಿರ್ದಿಷ್ಟ ಲೆಜೆಂಡರಿ ಬೇಕು ಎನ್ನೋಣ. ಅದಿಲ್ಲದೆ ನಿಮ್ಮ ಡೆಕ್ ನಡೆಯದು. ಅದು ಸೇರಿದ ಸೆಟ್‌ನಲ್ಲಿ, ಅಂದರೆ ಒಟ್ಟಿಗೆ ಬಿಡುಗಡೆಯಾದ ಕಾರ್ಡ್‌ಗಳ ಗುಂಪಿನಲ್ಲಿ, 20 ಲೆಜೆಂಡರಿಗಳಿವೆ ಎಂದಿಟ್ಟುಕೊಳ್ಳಿ. ಬಂದದ್ದೇ ಮತ್ತೆ ಬರದಂತೆ ಆಟವೇ ನೋಡಿಕೊಳ್ಳುತ್ತದೆ, ಅಷ್ಟು ಉಪಕಾರ ಇದೆ. ಆದರೂ ನಿಮ್ಮ ಕಾರ್ಡ್ ಮೊದಲನೆಯದಾಗಿ ಬರಬಹುದು, ಇಪ್ಪತ್ತನೆಯದಾಗಿಯೂ ಬರಬಹುದು, ಸರಾಸರಿ ಹತ್ತೂವರೆ. ಒಂದೊಂದಕ್ಕೆ 20 ಪ್ಯಾಕ್‌ನಂತೆ ಹತ್ತೂವರೆಗೆ 210 ಪ್ಯಾಕ್. ಒಂದು ಕಾರ್ಡಿಗಾಗಿ ಸಾವಿರಕ್ಕೂ ಹೆಚ್ಚು ಕಾರ್ಡ್ ಬಿಚ್ಚಿ ನೋಡಬೇಕು ಎಂದಾಯಿತು. ಅದೃಷ್ಟ ನೆಟ್ಟಗಿದ್ದವರ ವಿಡಿಯೊಗಳು ಎಲ್ಲೆಡೆ ಹರಿದಾಡುತ್ತವೆ, ಇಲ್ಲದವರು ವಿಡಿಯೊ ಮಾಡುವುದಿಲ್ಲ.

ಇದಕ್ಕೊಂದು ಅಡ್ಡದಾರಿಯನ್ನು ಆಟವೇ ಕೊಟ್ಟಿದೆ. ಬೇಡದ ಕಾರ್ಡನ್ನು ಪುಡಿಮಾಡಿ ‘ಡಸ್ಟ್’ ಪಡೆಯಬಹುದು, ಡಸ್ಟ್ ಕೊಟ್ಟು ಬೇಕಾದ ಕಾರ್ಡ್ ಮಾಡಿಕೊಳ್ಳಬಹುದು. ದರಪಟ್ಟಿ ಗಮನಿಸಿ. ಕಾಮನ್ ಪುಡಿಮಾಡಿದರೆ 5, ಮಾಡಿಕೊಳ್ಳಲು 40. ರೇರ್‌ಗೆ 20 ಮತ್ತು 100. ಎಪಿಕ್‌ಗೆ 100 ಮತ್ತು 400. ಲೆಜೆಂಡರಿಗೆ 400 ಮತ್ತು 1600. ಅಂದರೆ ಬೇಡದ ಲೆಜೆಂಡರಿಯಲ್ಲಿ ಕೈಗೆ ಬರುವುದು ಕಾಲುಭಾಗ, ಕಾಮನ್‌ನಲ್ಲಿ ಎಂಟನೇ ಒಂದು ಭಾಗ. ಉಳಿದದ್ದು ಪ್ಯಾಕ್ ಒಡೆದ ಕ್ಷಣದಲ್ಲೇ ಕಂಪನಿಯ ಪಾಲಾಯಿತು. ಯಾವ ಗಿರವಿ ಅಂಗಡಿಯವನೂ ಇಷ್ಟು ಕಡಿಯಲಾರ.

20 ಪ್ಯಾಕ್ ತೆರೆದು, ಬಂದ 100 ಕಾರ್ಡನ್ನೂ ಪುಡಿ ಮಾಡುತ್ತೀರಿ ಎನ್ನೋಣ. ಒಂದು ಲೆಜೆಂಡರಿ, ನಾಲ್ಕೈದು ಎಪಿಕ್, ಇಪ್ಪತ್ತಕ್ಕೂ ಮೇಲ್ಪಟ್ಟು ರೇರ್, ಉಳಿದವೆಲ್ಲ ಕಾಮನ್. ಕೂಡಿಸಿದರೆ 1600 ಡಸ್ಟ್‌ನ ಆಸುಪಾಸಿಗೆ ಬರುತ್ತದೆ. ಹಾಗಾದರೆ ನಿಮ್ಮ ಇಷ್ಟದ ಒಂದು ಲೆಜೆಂಡರಿಯ ನಿಜವಾದ ಬೆಲೆ 20 ಪ್ಯಾಕ್, ಅದೂ ಉಳಿದದ್ದೆಲ್ಲ ಬೂದಿಯಾದ ಮೇಲೆ. 210 ಪ್ಯಾಕ್‌ಗಿಂತ ಎಷ್ಟೋ ವಾಸಿ, ನಿಜ. ಆದರೆ ಹೊಸಬರು ಅಂಗಡಿಯ ಪುಟದಲ್ಲಿ ಒಂದು ಪ್ಯಾಕ್‌ನ ಬೆಲೆ ನೋಡಿ ‘ಇಷ್ಟೇ ತಾನೆ’ ಎನ್ನುತ್ತಾರೆ. ಅದನ್ನು 20ರಿಂದ ಗುಣಿಸಿ ಓದುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಕೊಂಡ ಕಾರ್ಡ್ ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆ. ಹೊಸಬರಿಗೆ ಯಾರೂ ಹೇಳದ ವಿಷಯ ಇದೇ. 2016ರಿಂದ ಹಾರ್ತ್‌ಸ್ಟೋನಿನ ಮುಖ್ಯ ಸ್ಪರ್ಧೆ ನಡೆಯುವುದು ‘ಸ್ಟ್ಯಾಂಡರ್ಡ್’ ಎಂಬ ಪದ್ಧತಿಯಲ್ಲಿ. ವರ್ಷಕ್ಕೊಮ್ಮೆ, ಹೆಚ್ಚುಕಡಿಮೆ ಮಾರ್ಚ್–ಏಪ್ರಿಲ್ ಹೊತ್ತಿಗೆ, ಹಳೆಯ ಸೆಟ್‌ಗಳು ಅದರಿಂದ ಹೊರಬೀಳುತ್ತವೆ. ಇದಕ್ಕೆ ರೊಟೇಷನ್ ಎಂದು ಹೆಸರು. ವರ್ಷದ ಮೊದಲ ಸೆಟ್‌ನ ಕಾರ್ಡಿಗೆ ಸುಮಾರು ಎರಡು ವರ್ಷ ಆಯುಸ್ಸು. ಅದೇ ವರ್ಷಾಂತ್ಯದ ಸೆಟ್ ಆದರೆ ಒಂದೂಕಾಲು ವರ್ಷದ ಮೇಲೆ ಸ್ವಲ್ಪ. ಇನ್ನೇನು ಹೊರಬೀಳಲಿರುವ ಸೆಟ್‌ನ ಪ್ಯಾಕ್‌ಗಳನ್ನು ರಿಯಾಯಿತಿ ಎಂದು ಫೆಬ್ರುವರಿಯಲ್ಲಿ ಕೊಂಡವರ ಪಾಡು ಕೇಳಬೇಡಿ. ಕಾರ್ಡ್ ಮಾಯವಾಗುವುದಿಲ್ಲ, ‘ವೈಲ್ಡ್’ ಎಂಬ ಇನ್ನೊಂದು ಪದ್ಧತಿಯಲ್ಲಿ ಆಡಬಹುದು. ಆದರೆ ಅಲ್ಲಿ ಹತ್ತು ವರ್ಷದ ಹಳೆಯ ಕಾರ್ಡ್‌ಗಳ ಜತೆ ಸೆಣಸಬೇಕು, ಹೊಸಬರಿಗೆ ಅದು ಸುಲಭದ ಕಣವಲ್ಲ.

ಜತೆಗೆ ಪರದೆಯ ಕಾರ್ಡನ್ನು ಕಂಪನಿ ಯಾವಾಗ ಬೇಕಾದರೂ ತಿದ್ದಬಹುದು. ವಿಪರೀತ ಬಲವಾಯಿತು ಎನಿಸಿದರೆ ಶಕ್ತಿ ಇಳಿಸುತ್ತಾರೆ. ಆಟಗಾರರು ಇದನ್ನು ನರ್ಫ್ ಎನ್ನುತ್ತಾರೆ. ಹಾರ್ತ್‌ಸ್ಟೋನ್ ನರ್ಫ್ ಆದ ಕಾರ್ಡಿಗೆ ಕೆಲವು ದಿನ ಪೂರ್ತಿ ಡಸ್ಟ್ ಹಿಂದಿರುಗಿಸುತ್ತದೆ. ಆ ಅವಧಿ ತಪ್ಪಿಸಿಕೊಳ್ಳಬೇಡಿ. ಆದರೆ ಆ ಒಂದು ಕಾರ್ಡನ್ನು ನಂಬಿ ನೀವು ಮಾಡಿಕೊಂಡಿದ್ದ ಉಳಿದ 29ಕ್ಕೆ ಪರಿಹಾರವಿಲ್ಲ.

ಅಷ್ಟೂ ಇರಲಿ, ಕಾರ್ಡ್ ನಮ್ಮದು ತಾನೆ, ಬೇಡವಾದಾಗ ಮಾರಿದರಾಯಿತು ಎನ್ನುವವರಿದ್ದಾರೆ. ಹಾರ್ತ್‌ಸ್ಟೋನಿನಲ್ಲಿ ಮಾರುವ ಮಾತೇ ಇಲ್ಲ. ಮಾರಲು ಬಿಟ್ಟ ಆಟದ ಕಥೆ ಇನ್ನೂ ಸ್ವಾರಸ್ಯವಾಗಿದೆ. 2018ರ ನವೆಂಬರ್‌ನಲ್ಲಿ ವಾಲ್ವ್ ಕಂಪನಿ ‘ಆರ್ಟಿಫ್ಯಾಕ್ಟ್’ ಬಿಡುಗಡೆ ಮಾಡಿತು. ರೂಪಿಸಿದ್ದು ಅದೇ ಗಾರ್ಫೀಲ್ಡ್. ಆಟದ ಬೆಲೆ 20 ಡಾಲರ್, ಮೇಲಿನ ಪ್ಯಾಕ್‌ಗಳಿಗೆ ತಲಾ 2 ಡಾಲರ್. ಕಾಗದದ ಕಾರ್ಡಿನಂತೆ ಇಲ್ಲಿಯೂ ಕೊಳ್ಳಬಹುದು, ಮಾರಬಹುದು ಎಂಬುದೇ ಅದರ ಹೆಗ್ಗಳಿಕೆ. ಸ್ಟೀಮ್ ಎಂಬ ವಾಲ್ವ್‌ನ ಮಾರುಕಟ್ಟೆಯಲ್ಲಿ ವ್ಯವಹಾರ, ಪ್ರತಿ ಮಾರಾಟದಲ್ಲೂ ವಾಲ್ವ್‌ಗೆ ಕಮಿಷನ್. ಮಾರಿ ಬಂದ ದುಡ್ಡು ಸ್ಟೀಮ್ ವಾಲೆಟ್‌ನಲ್ಲೇ ಉಳಿಯುತ್ತದೆ, ಬ್ಯಾಂಕಿಗೆ ಬರುವುದಿಲ್ಲ. ಮೊದಲ ದಿನಗಳಲ್ಲಿ ‘ಆ್ಯಕ್ಸ್’ ಎಂಬ ಒಂದೇ ಕಾರ್ಡ್ ಇಡೀ ಆಟದಷ್ಟೇ ಬೆಲೆಗೆ ಹೋಗುತ್ತಿತ್ತು. ಬಿಡುಗಡೆಯ ದಿನ ಏಕಕಾಲಕ್ಕೆ ಸುಮಾರು 60 ಸಾವಿರ ಜನ ಆಡುತ್ತಿದ್ದರು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ ಸಾವಿರಕ್ಕಿಂತ ಕೆಳಗೆ ಬಂತು. ಜನ ಹೋದಂತೆ ಬೆಲೆಯೂ ಹೋಯಿತು. 2021ರ ಮಾರ್ಚ್‌ನಲ್ಲಿ ವಾಲ್ವ್ ಆಟದ ಕೆಲಸ ನಿಲ್ಲಿಸಿ, ಎಲ್ಲ ಕಾರ್ಡ್‌ಗಳನ್ನೂ ಎಲ್ಲರಿಗೂ ಪುಕ್ಕಟೆ ಕೊಟ್ಟಿತು. ದುಡ್ಡು ಕೊಟ್ಟವರಿಗೆ ದಕ್ಕಿದ್ದು ‘ಸಂಗ್ರಾಹಕರ ಆವೃತ್ತಿ’ ಎಂಬ ಮುದ್ರೆ.

ಆಟ ನಿಂತುಹೋಗುವುದು ಅಪರೂಪದ ಸಂಗತಿ ಎಂದುಕೊಳ್ಳಬೇಡಿ. ‘ಹೆಕ್ಸ್’ 2020ರ ಕೊನೆಗೆ ಮುಚ್ಚಿತು. ‘ಎಲ್ಡರ್ ಸ್ಕ್ರಾಲ್ಸ್: ಲೆಜೆಂಡ್ಸ್’ ಸರ್ವರ್ 2025ರ ಜನವರಿಯಲ್ಲಿ ಆರಿತು. 2011ರಿಂದ ನಡೆದ ‘ಪೋಕೆಮಾನ್ ಟಿಸಿಜಿ ಆನ್‌ಲೈನ್’ 2023ರಲ್ಲಿ ನಿಂತಾಗ ಹಳಬರ ಸಂಗ್ರಹವನ್ನು ಹೊಸ ಆಟಕ್ಕೆ ಸಾಗಿಸಿದರು, ಆದರೆ ಒಂದೊಂದು ಕಾರ್ಡಿನ ಪ್ರತಿಗಳಿಗೆ ಮಿತಿ ಹಾಕಿ. ಆಟ ಚೆನ್ನಾಗಿಯೇ ನಡೆಯುತ್ತಿರುವಾಗಲೂ ಬಾಗಿಲು ಮುಚ್ಚಬಹುದು: ಚೀನಾದಲ್ಲಿ ಪಾಲುದಾರ ಕಂಪನಿಯ ಜತೆ ಒಪ್ಪಂದ ಮುರಿದದ್ದಕ್ಕೆ 2023ರ ಜನವರಿಯಲ್ಲಿ ಹಾರ್ತ್‌ಸ್ಟೋನ್ ಬಂದ್ ಆಗಿ, ಮತ್ತೆ ತೆರೆದದ್ದು 2024ರಲ್ಲಿ. ಅಮೆರಿಕದಲ್ಲಿ ಟಿಕ್‌ಟಾಕ್ ನಿಷೇಧದ ಗದ್ದಲದಲ್ಲಿ ‘ಮಾರ್ವೆಲ್ ಸ್ನ್ಯಾಪ್’ ಕೂಡ 2025ರ ಜನವರಿಯಲ್ಲಿ ಕೆಲಕಾಲ ಕತ್ತಲಾಯಿತು, ಅದರ ಪ್ರಕಾಶಕ ಸಂಸ್ಥೆ ಟಿಕ್‌ಟಾಕ್‌ನ ಒಡೆಯರದ್ದೇ ಎಂಬ ಕಾರಣಕ್ಕೆ. ಆಟಗಾರನ ತಪ್ಪು ಎಲ್ಲಿಯೂ ಇಲ್ಲ.

ಹೀಗಾಗಿ ನಾನು ಹೊಸಬರಿಗೆ ಹೇಳುವುದು ಒಂದೇ: ಪರದೆಯ ಕಾರ್ಡಿಗೆ ಕೊಡುವ ಹಣ ಬಾಡಿಗೆ ಎಂದು ತಿಳಿಯಿರಿ. ಆಸ್ತಿ ಮಾಡುತ್ತಿದ್ದೇನೆ ಎಂಬ ಲೆಕ್ಕ ಬೇಡ. ಬಾಡಿಗೆ ಕೊಡುವುದು ತಪ್ಪೇನಲ್ಲ; ನಾವೆಲ್ಲ ಕೊಡುತ್ತೇವೆ. ಆದರೆ ಬಾಡಿಗೆ ಮನೆಗೆ ಯಾರೂ ಗ್ರಾನೈಟ್ ಹಾಕಿಸುವುದಿಲ್ಲ.

ಮ್ಯಾಜಿಕ್ ಆನ್‌ಲೈನ್‌ನವರು ಈ ಸತ್ಯವನ್ನು ತಮ್ಮದೇ ರೀತಿಯಲ್ಲಿ ಕಂಡುಕೊಂಡಿದ್ದಾರೆ. ಅಲ್ಲಿ ಕಾರ್ಡ್ ವಿನಿಮಯ ಉಂಟು. ಒಂದು ಡಾಲರಿನ ಸ್ಪರ್ಧಾ ಟಿಕೆಟ್, ಆಟಗಾರರ ಬಾಯಲ್ಲಿ ‘ಟಿಕ್ಸ್’, ಅಲ್ಲಿನ ನಾಣ್ಯವಿದ್ದಂತೆ. ಪೂರ್ತಿ ಸೆಟ್ ಕೂಡಿಸಿದವರು ಶುಲ್ಕ ಕೊಟ್ಟು ಅದನ್ನು ನಿಜವಾದ ಕಾಗದದ ಸೆಟ್ ಆಗಿ ಮನೆಗೆ ತರಿಸಿಕೊಳ್ಳುವ ಏರ್ಪಾಡನ್ನು ಕಂಪನಿಯೇ ಮಾಡಿತ್ತು. ಪರದೆಯ ಕಾರ್ಡಿಗೆ ಇಷ್ಟು ಗಟ್ಟಿ ನೆಲ ಬೇರೆಲ್ಲಿಯೂ ಸಿಗುವುದು ಕಷ್ಟ. ಅಂಥ ಕಡೆಯಲ್ಲೂ ತಿಂಗಳ ಲೆಕ್ಕದಲ್ಲಿ ಡೆಕ್ ಬಾಡಿಗೆಗೆ ಕೊಡುವ ವ್ಯಾಪಾರಿಗಳು ಹುಟ್ಟಿಕೊಂಡಿದ್ದಾರೆ, ಪಳಗಿದ ಸ್ಪರ್ಧಿಗಳು ಅವರ ಖಾಯಂ ಗಿರಾಕಿಗಳು.

‘ದುಡ್ಡು ಕೊಟ್ಟರೆ ಗೆಲ್ಲುತ್ತೇನಲ್ಲ?’ ಇದು ಹುಡುಗರ ಮಾಮೂಲು ಸವಾಲು. ಸ್ವಲ್ಪ ದಿನ, ಹೌದು. ಆದರೆ ಈ ಆಟಗಳಲ್ಲಿ ಎದುರಾಳಿಯನ್ನು ಹುಡುಕಿಕೊಡುವುದು ರ್‍ಯಾಂಕ್ ನೋಡಿ. ಹೊಸ ಡೆಕ್ ಕೊಂಡಿರಿ, ಗೆದ್ದಿರಿ, ರ್‍ಯಾಂಕ್ ಮೇಲೇರಿತು. ಅಲ್ಲಿ ನಿಮ್ಮಷ್ಟೇ ಒಳ್ಳೆಯ ಡೆಕ್, ನಿಮಗಿಂತ ಒಳ್ಳೆಯ ಆಟದವರು ಕಾದಿರುತ್ತಾರೆ. ಗೆಲುವು ಮತ್ತೆ ಅರ್ಧಕ್ಕರ್ಧ. ಬರೀ ಕಾಮನ್, ರೇರ್‌ಗಳ ಅಗ್ಗದ ದಾಳಿ ಡೆಕ್ ಹಿಡಿದು ಹಾರ್ತ್‌ಸ್ಟೋನಿನ ‘ಲೆಜೆಂಡ್’ ಶ್ರೇಣಿ ಮುಟ್ಟಿದವರು ಬೇಕಾದಷ್ಟಿದ್ದಾರೆ. ಹಣದಿಂದ ಸಿಗುವುದು ವೈವಿಧ್ಯ. ಒಂದೇ ಡೆಕ್ಕನ್ನು ತಿಂಗಳುಗಟ್ಟಲೆ ಆಡುವ ಬೇಸರ ತಪ್ಪುತ್ತದೆ, ಅದಕ್ಕೂ ಒಂದು ಬೆಲೆ ಇದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ.

ಕಾಸಿನ ಬದಲು ಕಾಲ ಕೊಡುವುದು ಇನ್ನೊಂದು ದಾರಿ. ‘ಮ್ಯಾಜಿಕ್ ಅರೀನಾ’ದಲ್ಲಿ ದಿನದ ಕೆಲಸ ಮುಗಿಸಿದರೆ 500 ಅಥವಾ 750 ಗೋಲ್ಡ್ ಸಿಗುತ್ತದೆ, ಪ್ಯಾಕ್‌ಗೆ 1000 ಗೋಲ್ಡ್. ಎರಡು ದಿನಕ್ಕೊಂದು ಪ್ಯಾಕ್ ಸಲೀಸು. 2024ರ ಅಕ್ಟೋಬರ್‌ನಲ್ಲಿ ಬಂದ ‘ಪೋಕೆಮಾನ್ ಟಿಸಿಜಿ ಪಾಕೆಟ್’ ದಿನಕ್ಕೆ ಎರಡು ಪ್ಯಾಕ್ ಪುಕ್ಕಟೆ ಕೊಡುತ್ತದೆ. ಪ್ರತಿ ಪ್ಯಾಕ್‌ಗೆ 5 ಪಾಯಿಂಟ್. ಅದೇ ಸೆಟ್‌ನ 500 ಪಾಯಿಂಟ್ ಕೂಡಿದರೆ ಡೆಕ್‌ಗೆ ಬೇಕಾದ ಬಲವಾದ ‘ಇಎಕ್ಸ್’ ಕಾರ್ಡ್ ನಿಮ್ಮ ಇಷ್ಟದ್ದೇ. 100 ಪ್ಯಾಕ್, 50 ದಿನ, ಖರ್ಚು ಸೊನ್ನೆ. ಅದೇ ಸೆಟ್‌ನ ಚಿನ್ನದ ಕಿರೀಟದ ಕಾರ್ಡ್ ಬೇಕೆಂದರೆ 2500 ಪಾಯಿಂಟ್, ಅಂದರೆ 250 ದಿನ. ಆ ಚಿನ್ನದ ಕಾರ್ಡ್ ಮಾಡುವ ಕೆಲಸ ಸಾಮಾನ್ಯ ಕಾರ್ಡೂ ಮಾಡುತ್ತದೆ. ಹೊಳಪಿಗೆ ದುಡ್ಡು ಕೊಡುವಾಗ ಹೊಳಪಿಗೇ ಕೊಡುತ್ತಿದ್ದೇನೆ ಎಂದು ಗೊತ್ತಿದ್ದರೆ ಸಾಕು.

ಹಾಗಾದರೆ ಎಲ್ಲಿ ಕೊಡಬಹುದು? ನನ್ನ ಮಟ್ಟಿಗೆ ಮೊದಲ ಜಾಗ ‘ಡ್ರಾಫ್ಟ್’. ಅರೀನಾದಲ್ಲಿ ಕ್ವಿಕ್ ಡ್ರಾಫ್ಟ್‌ಗೆ 750 ಜೆಮ್ಸ್ (ದುಡ್ಡಿಗೆ ಸಿಗುವ ಆಟದ ನಾಣ್ಯ) ಅಥವಾ 5000 ಗೋಲ್ಡ್ ಪ್ರವೇಶ. ಸರದಿಯಂತೆ ಒಂದೊಂದೇ ಕಾರ್ಡ್ ಆರಿಸಿಕೊಂಡು, ಅಲ್ಲೇ ಡೆಕ್ ಕಟ್ಟಿ, ಅದರಲ್ಲೇ ಆಡಬೇಕು. ನಿಮ್ಮ ಹಳೆಯ ಸಂಗ್ರಹ ಲೆಕ್ಕಕ್ಕೇ ಬರುವುದಿಲ್ಲ, ವರ್ಷಗಟ್ಟಲೆ ಖರ್ಚು ಮಾಡಿದವನೂ ನೀವೂ ಒಂದೇ ಸಾಲಿನಲ್ಲಿ ನಿಲ್ಲುತ್ತೀರಿ. ಆರಿಸಿದ ಕಾರ್ಡ್‌ಗಳು ನಿಮ್ಮಲ್ಲೇ ಉಳಿಯುತ್ತವೆ, ಗೆಲುವಿಗೆ ತಕ್ಕಂತೆ ಜೆಮ್ಸ್ ವಾಪಸ್. ಅದೇ ದುಡ್ಡಿಗೆ ಪ್ಯಾಕ್ ಒಡೆದರೆ ಐದು ನಿಮಿಷದ ಮೋಜು. ಡ್ರಾಫ್ಟ್‌ನಲ್ಲಿ ಒಂದು ಸಂಜೆ ಕಳೆಯುತ್ತದೆ, ಆಟದ ಬುದ್ಧಿಯೂ ಬೆಳೆಯುತ್ತದೆ. ಎರಡನೆಯದು ಹೊಸಬರಿಗೆಂದೇ ಒಂದೇ ಒಂದು ಬಾರಿ ಸಿಗುವ ಸ್ವಾಗತ ಕಟ್ಟು, ಇಲ್ಲವೇ ಏನೇನು ಸಿಗುತ್ತದೆ ಎಂದು ಮೊದಲೇ ಬರೆದಿರುವ ಸಿದ್ಧ ಡೆಕ್. ಇವನ್ನೂ ರೊಟೇಷನ್ ಆದ ಕೂಡಲೇ ಕೊಳ್ಳಿ. ‘ಇನ್ನು 3 ಗಂಟೆ ಮಾತ್ರ’ ಎಂದು ಗಡಿಯಾರ ಓಡಿಸುವ ರಿಯಾಯಿತಿಗಳ ಕಡೆ ತಿರುಗಿಯೂ ನೋಡಬೇಡಿ. ಮುಂದಿನ ವಾರ ಇನ್ನೊಂದು ಹೆಸರಿನಲ್ಲಿ ಮತ್ತೊಂದು ಬರುತ್ತದೆ.

ಸಂಗ್ರಹ, ಸ್ಪರ್ಧೆ ಎರಡೂ ಬೇಡ, ಡೆಕ್ ಕಟ್ಟುವ ಸುಖ ಮಾತ್ರ ಬೇಕು ಎನ್ನುವವರಿಗೆ ‘ಸ್ಲೇ ದ ಸ್ಪೈರ್’, ‘ಬಲಾಟ್ರೊ’ ಇವೆ. ಒಮ್ಮೆ ಬೆಲೆ ಕೊಟ್ಟರೆ ಎಲ್ಲ ಕಾರ್ಡೂ ಒಳಗೇ ಇರುತ್ತವೆ, ಮುಂದೆ ಯಾರೂ ಕೈಚಾಚುವುದಿಲ್ಲ. ನನ್ನನ್ನು ಕೇಳಿದರೆ ಹತ್ತರಲ್ಲಿ ಆರು ಮಂದಿಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಾಗದು. ರಾಯಟ್ ಕಂಪನಿಯ ‘ಲೆಜೆಂಡ್ಸ್ ಆಫ್ ರುನೆಟೆರಾ’ 2020ರಲ್ಲಿ ಬಂದಾಗ ಪ್ಯಾಕ್ ಮಾರಾಟವನ್ನೇ ಇಟ್ಟಿರಲಿಲ್ಲ. ಆಡುತ್ತ ಹೋದರೆ ಕಾರ್ಡ್‌ಗಳು ತಾವಾಗಿ ಬಂದು ಬೀಳುತ್ತಿದ್ದವು. ಆಟಗಾರರು ಹೊಗಳಿದರು, ದುಡ್ಡು ಕೊಡಲಿಲ್ಲ. ಖರ್ಚಿಗೆ ತಕ್ಕ ಆದಾಯವಿಲ್ಲವೆಂದು 2024ರ ಜನವರಿಯಲ್ಲಿ ರಾಯಟ್ ಅದರ ತಂಡವನ್ನು ಕಿರಿದಾಗಿಸಿತು, ಎದುರುಬದುರು ಸ್ಪರ್ಧೆಯ ಭಾಗ ಹಿಂದೆ ಸರಿಯಿತು. ಯಾರೂ ಕೊಡದ ಆಟ ಉಳಿಯುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಆಡಿ ಖುಷಿಪಟ್ಟ ಆಟಕ್ಕೆ ಒಂದಿಷ್ಟು ಕೊಡುವುದನ್ನು ನಾನು ದಂಡ ಎನ್ನಲಾರೆ. ಈಗಾಗಲೇ ಸಿಕ್ಕಿರುವ ಸಂತೋಷಕ್ಕೆ ಕೊಡಿ, ಮುಂದೆ ಸಿಗಬಹುದಾದ ಕಾರ್ಡಿಗಾಗಿ ಬೇಡ.

ಶುರುಮಾಡುವವರು ಮೊದಲ ತಿಂಗಳು ಕಾಸು ಬಿಚ್ಚದೆ ಆಡಿ. ಆಮೇಲೂ ಆಟ ಹಿಡಿಸಿದರೆ ತಿಂಗಳಿಗೆ ಇಷ್ಟು ಎಂದು ಮಿತಿ ಹಾಕಿ, ಆ ಮೊತ್ತವನ್ನು ಆಡಿದ ಗಂಟೆಗಳಿಂದ ಭಾಗಿಸಿ ನೋಡಿ. ಗಂಟೆಗೆ ಬಿದ್ದ ಬೆಲೆ ನಿಮಗೇ ಉತ್ತರ ಹೇಳುತ್ತದೆ. ಮಕ್ಕಳ ವಿಷಯ ಬೇರೆ. ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಯನ್ನು ದುಡ್ಡಿಗೆ ಮಾರುವುದು ಜೂಜಿನ ಕಾನೂನಿಗೆ ವಿರುದ್ಧ ಎಂದು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲೇ ಹೇಳಿದೆ. ನಮ್ಮಲ್ಲಿ ಆ ಕೆಲಸವನ್ನು ಸದ್ಯಕ್ಕೆ ಅಪ್ಪ ಅಮ್ಮಂದಿರೇ ಮಾಡಬೇಕು. ಮೊಬೈಲಿನ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡುವ ಆಯ್ಕೆ ಇದೆ. ಮಗುವಿನ ಕೈಗೆ ಫೋನ್ ಕೊಡುವ ಮೊದಲು ಅದನ್ನು ಆನ್ ಮಾಡಿಡಿ.